ಹೆಬ್ಬೆರಳಿನಿಂದ ಮಗುವನ್ನು ಮುಚ್ಚಿ ನೋಡಿ

ನಾನು ಆಪ್ತಸಲಹೆಗಾರ್ತಿ. ಮನೆಯಲ್ಲಿ ದೊಡ್ಡ ನಾಯಿ, ಚಿಕ್ಕ ಮಗು, ಹೆದರುವ ತಾಯಿ: ಕಳೆದ ಆರೇಳು ವರ್ಷಗಳಲ್ಲಿ ಇಂಥದ್ದೇ ಪ್ರಕರಣ ನನ್ನ ಬಳಿಗೆ ಬಂದದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಊರು, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಕಾಸರಗೋಡಿನ ಬದಿಯಡ್ಕದ ಆಚೆ ಎಲ್ಲೋ ಒಂದು ಅಡಿಕೆ ತೋಟದ ಮನೆ ಅಂತ ಇಟ್ಟುಕೊಳ್ಳಿ. ಆ ಹೆಂಗಸನ್ನು ವಾಣಿ ಅನ್ನೋಣ, ನಾಯಿಯನ್ನು ಬ್ರೂನೋ ಅನ್ನೋಣ.

ವಾಣಿ ತಾವಾಗಿ ಬಂದವರಲ್ಲ. ಗಂಡ ಫೋನ್ ಮಾಡಿ ಸಮಯ ಕೇಳಿದ್ದು. "ಮೇಡಂ, ಹೆರಿಗೆ ಆದ ಮೇಲೆ ಇವಳಿಗೆ ಎಲ್ಲದಕ್ಕೂ ಹೆದರಿಕೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಸ್ವಲ್ಪ ಮಾತಾಡಿ ಸರಿ ಮಾಡಿ" ಅಂದರು. ಎಲ್ಲದಕ್ಕೂ ಅಂದರೆ ಯಾವುದಕ್ಕೆಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೆಚ್ಚಾಗಿ ನಾಯಿಗೆ" ಅಂದರು.

ನಾಯಿ ಅಂದರೆ ರಾಟ್‌ವೈಲರ್. ವಾಣಿ ಐದು ತಿಂಗಳ ಬಸುರಿಯಾಗಿದ್ದಾಗ ಗಂಡ ಮಂಗಳೂರಿನಿಂದ ಮರಿ ತಂದಿದ್ದರು. ಕಾರಣ ಇಲ್ಲದೆ ಇಲ್ಲ. ತೋಟದ ಮಧ್ಯೆ ಒಂಟಿ ಮನೆ, ಪಕ್ಕದ ಮನೆಗೆ ಕೂಗಿದರೂ ಕೇಳಿಸುವುದಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಒಮ್ಮೆ ಕಳವಾಗಿತ್ತು. ಗಂಡ ವಾರವಿಡೀ ಮಂಗಳೂರಲ್ಲಿ ಕೆಲಸ, ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಗ್ಗಿನ ಬಸ್ಸು. ಮನೆಯಲ್ಲಿ ಉಳಿಯುವುದು ವಾಣಿ, ಮಗು, ಎಪ್ಪತ್ತು ದಾಟಿದ ಮಾವ. ಈಗ ಮಗುವಿಗೆ ಎರಡು ವರ್ಷ. ನಾಯಿಗೆ ಎರಡೂವರೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ನಾಲ್ಕರಲ್ಲಿ ಮೊದಲನೆಯ ಪ್ರಕರಣದಲ್ಲೂ ಒಬ್ಬ ತಾಯಿ ಹೀಗೇ ಬಂದಿದ್ದರು. ಮನೆಯಲ್ಲಿ ದೊಡ್ಡ ಜಾತಿಯ ನಾಯಿ, ತೆವಳುವ ಮಗು, ಎದೆ ಡವಡವ ಅನ್ನುತ್ತದೆ ಅನ್ನುವ ದೂರು. ನಾನು ಕಲಿತ ಪಾಠದಂತೆ ಆತಂಕಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟೆ. 'ಕೆಟ್ಟ ಯೋಚನೆ ಬಂದಾಗ ಅದು ಬರೀ ಯೋಚನೆ ಅಂತ ನಿಮಗೆ ನೀವೇ ಹೇಳಿಕೊಳ್ಳಿ' ಅಂದೆ. ಅವರು ಪಾಪ, ಹಾಗೇ ಮಾಡಿದರು. ಕೆಲವು ತಿಂಗಳ ಮೇಲೆ ಅದೇ ನಾಯಿ ಮಗುವಿನ ಕೆನ್ನೆ ಹಿಡಿಯಿತು. ಅಜ್ಜಿ ಗಾಯಕ್ಕೆ ಅರಸಿನ, ಕಾಫಿಪುಡಿ ಮೆತ್ತಿದ್ದರು. ಸೋಪು ಹಾಕಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆಯಬೇಕು, ಬೇರೆ ಏನನ್ನೂ ಹಚ್ಚಬಾರದು ಅನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನಾದರೂ ಹೇಳಿದ್ದೆನೋ? ಇಲ್ಲ. ಮಗು ಬದುಕಿತು, ಲಸಿಕೆಯೂ ಗಾಯಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಅದೇ ದಿನ ಸಿಕ್ಕಿತು. ಕೆನ್ನೆಯ ಮೇಲೆ ಗೆರೆ ಉಳಿಯಿತು. ಆ ತಾಯಿ ಮತ್ತೆ ನನ್ನ ಹತ್ತಿರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ ಬಿಡಿ.

ಹಾಗಾಗಿ ವಾಣಿ ಬಂದ ಮೊದಲ ದಿನ ನಾನು ಹೆದರಿಕೆಯ ಬಗ್ಗೆ ಕೇಳಲೇ ಇಲ್ಲ. ಮನೆಯ ಬಗ್ಗೆ ಕೇಳಿದೆ. ನಾಯಿ ಎಲ್ಲಿ ಮಲಗುತ್ತದೆ, ಎಲ್ಲಿ ಉಣ್ಣುತ್ತದೆ, ಮಗು ಎಲ್ಲಿ ಆಡುತ್ತದೆ, ಜಗಲಿಗೆ ಬಾಗಿಲು ಉಂಟಾ. ಹಗಲು ಕಟ್ಟಿ ಹಾಕುತ್ತಾರೆ, ಸಂಜೆ ಏಳಕ್ಕೆ ಬಿಡುತ್ತಾರೆ. ಬಿಟ್ಟ ಮೇಲೆ ಮನೆಯೊಳಗೂ ಬರುತ್ತದೆ. ಬಿಡುವುದು ಮಾವ. ಕಟ್ಟುವುದು?

"ಅದು ಬಂದರೆ ಕಟ್ಟುವುದು" ಅಂದರು ವಾಣಿ. "ನಾನು ಎಳೆದರೆ ಬರುವುದಿಲ್ಲ. ಡಾಕ್ಟರ ಹತ್ತಿರ ತೂಕ ಮಾಡಿಸುವಾಗ 46 ಕಿಲೋ ಇತ್ತು. ನಾನು 47."

ಇದನ್ನು ನಗುತ್ತಾ ಹೇಳಿದರು. ನಾನು ಬರೆದುಕೊಂಡೆ.

ಆತಂಕದ ಪರೀಕ್ಷೆಯನ್ನೂ ಮಾಡಿದೆ, ಮಾಡದೆ ಬಿಡಲಿಲ್ಲ. ಬೇರೆ ವಿಷಯಗಳಲ್ಲಿ ಅವರು ಸರಿಯಾಗಿಯೇ ಇದ್ದರು. ಹಾವು ಕಂಡರೆ ಮಾವನನ್ನು ಕರೆಯುತ್ತಾರೆ, ಮಳೆಗಾಲದಲ್ಲಿ ಮಗುವನ್ನು ಎತ್ತಿಕೊಂಡು ಸಂಕ ದಾಟುತ್ತಾರೆ. ನಿದ್ದೆ ಹೋಗುತ್ತಿದ್ದದ್ದು ನಾಯಿ ಒಳಗೆ ಇರುವ ರಾತ್ರಿ ಮಾತ್ರ. ತವರುಮನೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತದಂತೆ. ಇದಕ್ಕೆ ನಾನು ಯಾವ ಕಾಯಿಲೆಯ ಹೆಸರು ಕೊಡಲಿ?

ಎರಡನೇ ಸಲ ಮೂವರೂ ಬರಬೇಕು ಅಂತ ಹೇಳಿದೆ. ಒಂದು ಭಾನುವಾರ ಬಂದರು. ಗಂಡ ತಯಾರಾಗಿಯೇ ಬಂದಿದ್ದರು. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು 23 ತಳಿಯ ನಾಯಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಬರೆದ ಸುತ್ತೋಲೆ, ಅದರಲ್ಲಿ ಪಿಟ್‌ಬುಲ್, ಡೋಗೊ ಅರ್ಜೆಂಟಿನೊ ಜೊತೆ ರಾಟ್‌ವೈಲರ್ ಹೆಸರೂ ಇದ್ದದ್ದು, ಆಮೇಲೆ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು, ಎಲ್ಲ ಬಾಯಿಪಾಠ. "ಕೋರ್ಟೇ ತೊಂದರೆ ಇಲ್ಲ ಅಂದಿದೆ" ಅಂದರು.

ಕೋರ್ಟ್ ಹಾಗೆ ಅಂದಿಲ್ಲ. ಸಂಬಂಧಪಟ್ಟವರನ್ನು ಕೇಳದೆ, ಕಾನೂನಿನ ದಾರಿ ಬಿಟ್ಟು ಸುತ್ತೋಲೆ ಹೊರಡಿಸಿದ್ದೀರಿ ಅಂದಿದೆ. ಎರಡು ವರ್ಷದ ಮಗುವಿನ ಪಕ್ಕದಲ್ಲಿ ಮಲಗಿಸಿ ಅಂತ ಯಾವ ನ್ಯಾಯಾಧೀಶರೂ ಬರೆದಿಲ್ಲ. ಅದಲ್ಲದೆ ಅದು ಕರ್ನಾಟಕದ್ದು, ನಾವಿರುವುದು ಕೇರಳದಲ್ಲಿ. ನಮಗೆ ಬೇಕಾದಾಗ ಗಡಿಯ ತಲಪಾಡಿಯ ಈಚೆ, ಬೇಡವಾದಾಗ ಆಚೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ವಾದಕ್ಕೆ ನಿಂತರೆ ಅವತ್ತು ಅಲ್ಲೇ ಮುಗಿಯುತ್ತಿತ್ತು.

"ಮಗುವೂ ಬ್ರೂನೋನೂ ಅಣ್ಣತಮ್ಮ ಇದ್ದ ಹಾಗೆ ಮೇಡಂ, ಒಟ್ಟಿಗೆ ಬೆಳೆದದ್ದು. ಬೇಕಾದರೆ ನೋಡಿ" ಅಂತ ಅವರು ಫೋನ್ ತೆಗೆದರು. ವಿಡಿಯೋ ಇತ್ತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೃದಯದ ಚಿತ್ರ ಹಾಕಿದ ವಿಡಿಯೋ.

ಮುವ್ವತ್ತು ಸೆಕೆಂಡ್ ಇರಬಹುದು. ಅಡಿಕೆ ಒಣಗುವ ಅಂಗಳ, ಬೇಸಿಗೆಯ ಬಿಸಿಲು. ಜಗಲಿಯ ನೆರಳಲ್ಲಿ ನಾಯಿ ಮಲಗಿದೆ. ಮಗು ಹೋಗಿ ಅದರ ಕುತ್ತಿಗೆಗೆ ಜೋತುಬಿದ್ದು ಕೆನ್ನೆ ಒತ್ತುತ್ತದೆ. ಹಿಂದಿನಿಂದ ಅಪ್ಪನ ದನಿ: "ಮುತ್ತು ಕೊಡು, ಬ್ರೂನೋಗೆ ಮುತ್ತು ಕೊಡು!" ಎಲ್ಲರೂ ನಗುವ ಶಬ್ದ. ನೋಡಿದರೆ ಯಾರಿಗಾದರೂ ಮುದ್ದು ಬರುತ್ತದೆ. ನನಗೂ ಬಂತು.

ಶಬ್ದ ನಿಲ್ಲಿಸಿ ಇನ್ನೊಮ್ಮೆ ಹಾಕಿ ಅಂದೆ. ಹಾಕಿದರು. ಮೂರನೇ ಸಲ ಹೇಳಿದೆ: "ಈಗ ಮಗು ಇರುವ ಕಡೆ ಹೆಬ್ಬೆರಳು ಇಡಿ. ಮಗುವನ್ನು ಮುಚ್ಚಿ. ನಾಯಿಯನ್ನು ಮಾತ್ರ ನೋಡಿ."

ಫೋನ್ ಮೇಜಿನ ಮೇಲಿತ್ತು, ಮೂವರ ತಲೆಯೂ ಅದರ ಮೇಲೆ ಬಾಗಿತ್ತು. ಮೊದಲು ನಾಯಿ ನಾಲಗೆ ಹೊರಗೆ ಹಾಕಿ ತೇಕುತ್ತಿದೆ, ಸೆಕೆಗೆ. ಮಗುವಿನ ಕೈ ಬಿದ್ದ ಕೂಡಲೇ ಮುಖ ಆಚೆ ತಿರುಗಿಸುತ್ತದೆ. ಒಮ್ಮೆ ಮೂಗು ನೆಕ್ಕುತ್ತದೆ. ಮತ್ತೆ ನೆಕ್ಕುತ್ತದೆ. ಒಂದು ಆಕಳಿಕೆ, ಹೃದಯದ ಚಿತ್ರ ಹಾಕಿದವರಿಗೆ ಅದು ನಗುವ ಹಾಗೆ ಕಂಡಿರಬೇಕು. ಕಿವಿ ಹಿಂದಕ್ಕೆ ಅಂಟಿದೆ. ಮೈ ತಿರುಗಿಸದೆ ಕಣ್ಣು ಮಾತ್ರ ಮಗುವಿನ ಕಡೆ ಹೊರಳುತ್ತದೆ, ಕಣ್ಣಂಚಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತದೆ. ಕೊನೆಗೆ ಬಾಯಿ ಮುಚ್ಚಿತು. ಅಷ್ಟು ಸೆಕೆಯಲ್ಲಿ ತೇಕುತ್ತಿದ್ದ ನಾಯಿ ಒಮ್ಮೆಲೇ ತೇಕುವುದನ್ನು ನಿಲ್ಲಿಸಿ ಕಲ್ಲಿನ ಹಾಗೆ ಆಯಿತು. ಅಷ್ಟರಲ್ಲಿ ಯಾರೋ ಒಳಗಿಂದ ಕರೆದರು, ಮಗು ಎದ್ದು ಓಡಿತು. ವಿಡಿಯೋ ಮುಗಿಯಿತು.

ಗಂಡ ಏನೂ ಹೇಳಲಿಲ್ಲ. ಮಾತಾಡಿದ್ದು ಮಾವ. ಅಷ್ಟು ಹೊತ್ತು, 'ಈ ಸೊಸೆಯ ನೆವದಲ್ಲಿ ನನ್ನನ್ನು ಇಲ್ಲಿವರೆಗೆ ಎಳೆದು ತಂದರಲ್ಲ' ಅನ್ನುವ ಮುಖ ಮಾಡಿ ಕೂತಿದ್ದ ಅಜ್ಜ. ಹಿಂದೆ ಉಳುವ ಕೋಣಗಳನ್ನು ಸಾಕಿದವರಂತೆ.

"ಕೋಣ ಹಾಯುವ ಮೊದಲು ಹೀಗೇ ನಿಲ್ಲುವುದು" ಅಂದರು. "ಅಲ್ಲಾಡುತ್ತಾ ಇದ್ದರೆ ಹೆದರಿಕೆ ಇಲ್ಲ. ಅಲ್ಲಾಡದೆ ನಿಂತರೆ ನಾವು ದೂರ ಸರಿಯಬೇಕು."

ವಾಣಿ ಅಳಲು ಶುರು ಮಾಡಿದರು. ತಾನು ಹೇಳಿದ್ದನ್ನು ಎರಡು ವರ್ಷದಲ್ಲಿ ಮೊದಲ ಸಲ ಮನೆಯವರೊಬ್ಬರು ಇನ್ನೊಂದು ಮಾತಲ್ಲಿ ಹೇಳಿದ್ದರು.

ಆಮೇಲೆ ಒಂದೊಂದೇ ಹೊರಗೆ ಬಂತು. ನಾಯಿ ಮೊದಲು ಮಗು ಹತ್ತಿರ ಬಂದರೆ ಗುರ್ ಅನ್ನುತ್ತಿತ್ತು. ಅದಕ್ಕೆ ಗಂಡ ಹೊಡೆದಿದ್ದರು. "ಈಗ ಗುರ್ ಅನ್ನುವುದಿಲ್ಲ, ಬುದ್ಧಿ ಬಂದಿದೆ" ಅಂತ ಮೊದಲ ಫೋನಿನಲ್ಲೇ ಹೆಮ್ಮೆಯಿಂದ ಹೇಳಿದ್ದರು. ಬುದ್ಧಿ ಬಂದದ್ದಲ್ಲ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಸಿಟ್ಟು ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ನಮ್ಮ ಲೈನ್ ಬಸ್ಸುಗಳು ಇಂಡಿಕೇಟರ್ ಹಾಕದೆ ತಿರುಗುತ್ತವಲ್ಲ, ಹಾಗೆ.

ನಾನು ಕೊಟ್ಟ ಸಲಹೆ ನೇರ. ಮಗುವಿಗೆ ಆರೇಳು ವರ್ಷ ಆಗುವವರೆಗೆ ಈ ನಾಯಿ ಈ ಮನೆಯಲ್ಲಿ ಬೇಡ. ಬೀದಿಗೆ ಬಿಡಬೇಡಿ, ಯಾರಿಗೋ ಮಾರಬೇಡಿ, ಚಿಕ್ಕ ಮಕ್ಕಳಿಲ್ಲದ, ದಿನವಿಡೀ ಗಟ್ಟಿ ಆಳೊಬ್ಬರು ಇರುವ ಜಾಗ ಹುಡುಕಿ. ಗುರ್ ಅಂದದ್ದನ್ನು, ಈ ವಿಡಿಯೋವನ್ನು ತೆಗೆದುಕೊಳ್ಳುವವರಿಂದ ಮುಚ್ಚಿಡಬೇಡಿ. ಅದು ಸಿಗುವವರೆಗೆ ನಾಯಿ ಮನೆಯೊಳಗೆ ಇಲ್ಲ. ಜಗಲಿಯ ದಳಿಗೆ ಎದೆಮಟ್ಟದ ಗೇಟು ಹಾಕಿಸಿ, ಚಿಲಕ ಮಗುವಿಗೆ ಎಟುಕಬಾರದು. ಹಗಲಿಡೀ ಸಂಕಲೆಯಲ್ಲಿ ಕಟ್ಟಬೇಡಿ, ಓಡಾಡುವಷ್ಟು ದೊಡ್ಡ ಗೂಡು ಮಾಡಿ, ಕಟ್ಟಿಯೇ ಇಟ್ಟ ನಾಯಿಗೆ ತಪ್ಪಿಸಿಕೊಂಡು ಹೋಗಲು ದಾರಿ ಇಲ್ಲ, ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ಹೊರಗೆ ತರುವಾಗ ಬಾಯಿಗೆ ಕುಕ್ಕೆ. ಊಟ ಗೂಡಿನಲ್ಲೇ. ಮಾವನಿಗೆ ಒಂದು ಮಾತು: ನಿಮ್ಮ ಕೈಯಲ್ಲಿ ಹಿಡಿದು ನಿಲ್ಲಿಸಲು ಆಗದ್ದನ್ನು ಬಿಡಬೇಡಿ. ಗಂಡನಿಗೆ ಇನ್ನೊಂದು: ಪಶುವೈದ್ಯರ ಹತ್ತಿರ ಸೊಂಟದ ಕೀಲು ತೋರಿಸಿ, ಈ ಜಾತಿಗೆ ಆ ತೊಂದರೆ ಜಾಸ್ತಿ, ನೋವಿರುವ ನಾಯಿಯ ಮೇಲೆ ಮಗು ಜೋತುಬಿದ್ದರೆ ಅದು ಏನು ಮಾಡಬೇಕು ಹೇಳಿ? ಪಂಚಾಯತಿನ ಲೈಸೆನ್ಸ್, ರೇಬೀಸ್ ಲಸಿಕೆ ಇವತ್ತೇ ನೋಡಿಕೊಳ್ಳಿ.

ಇದನ್ನು ಕೇಳಿ ನನಗೆ ಬೈಯುವವರಿದ್ದಾರೆ, ಗೊತ್ತು. ಪರಿಚಯದ ನಾಯಿಪ್ರೇಮಿಯೊಬ್ಬರು, "ನೀವು ಮನಸ್ಸಿನ ಡಾಕ್ಟರೋ ನಾಯಿಯ ಡಾಕ್ಟರೋ" ಅಂತ ಕೇಳಿಯೇಬಿಟ್ಟರು. ಎರಡೂ ಅಲ್ಲ, ಆಪ್ತಸಲಹೆಗಾರ್ತಿ. ನನ್ನ ಮನೆಯಲ್ಲೂ ನಾಯಿ ಇದೆ, ಊರ ಜಾತಿಯದ್ದು, ಹನ್ನೊಂದು ವರ್ಷ. ನಾಯಿಯ ನಡತೆ ಸಾಕಿದ ರೀತಿಯ ಮೇಲೆ ಹೋಗುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಪಾಮರೇನಿಯನ್ ಕೂಡ ಕಚ್ಚುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಪಾಮರೇನಿಯನ್ ಒಂದು ಸಲ ತಪ್ಪಿದರೆ ಕೈಗೆ ನಾಲ್ಕು ಗೀರು. ಈ ದವಡೆ ಒಂದು ಸಲ ತಪ್ಪಿದರೆ? ಎರಡು ವರ್ಷದ ಮಗುವಿನ ಮುಖ ಇಂಥ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಕಡಿತ ಹೆಚ್ಚಾಗಿ ಬೀಳುವುದು ತಲೆ, ಮುಖ, ಕುತ್ತಿಗೆಗೆ. ಅಲ್ಲಿಂದ ರೇಬೀಸ್ ವೈರಸ್‌ಗೆ ಮಿದುಳಿನ ದಾರಿ ಹತ್ತಿರ, ರೋಗದ ಲಕ್ಷಣ ಶುರುವಾದರೆ ಆಮೇಲೆ ಮದ್ದಿಲ್ಲ ಅಂತಲೇ ಲೆಕ್ಕ. ಕಚ್ಚುವುದು ಬೀದಿಯ ಗುರುತಿಲ್ಲದ ನಾಯಿ ಮಾತ್ರ ಅಲ್ಲ, ಮನೆಯದ್ದೂ ನೆಂಟರದ್ದೂ ಕಚ್ಚುತ್ತದೆ. ಕಚ್ಚದಿದ್ದರೂ ಅಷ್ಟೇ: ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಊರಿನ ಕಟುಕರು ದನ ಅಟ್ಟಲು ಸಾಕಿದ ಜಾತಿ, ಮೈಯಿಂದ ನೂಕುವುದು ಅದರ ಕೆಲಸ. ಆಟಕ್ಕೆ ನೂಕಿದರೂ ಮಗು ಬೀಳುವುದು ಮುರಕಲ್ಲಿನ ಮೆಟ್ಟಿಲ ಮೇಲೆ.

'ಒಟ್ಟಿಗೆ ಬೆಳೆದವರು' ಅನ್ನುವ ಮಾತಿಗೆ ನನಗೆ ಹೆಚ್ಚು ಸಿಟ್ಟು. ಎರಡೂವರೆ ವರ್ಷಕ್ಕೆ ನಾಯಿ ಪೂರ್ತಿ ಬೆಳೆದ ಗಂಡಾಳು. ಮಗು ಆಗಷ್ಟೇ ಮೇಲೆ ಹತ್ತಲು ಕಲಿತಿರುತ್ತದೆ. ಮರಿಯಾಗಿದ್ದಾಗ ಸಹಿಸಿದ್ದನ್ನು ಈಗಲೂ ಸಹಿಸಬೇಕು ಅಂತ ನಾಯಿಗೆ ಯಾರೂ ಹೇಳಿಲ್ಲವಲ್ಲ.

ನಿಜ ಹೇಳಬೇಕೆಂದರೆ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಆ ಕೆನ್ನೆಯ ಗೆರೆಯೂ ಕಾರಣ. ಹೆಂಗಸರು ಹೆದರಿಕೆ ಅಂದ ಕೂಡಲೇ ಅದನ್ನು ಅವರ ತಲೆಯೊಳಗೆ ಹುಡುಕುವ ಚಟ ಮನೆಯವರಿಗೂ ಇದೆ, ನಮ್ಮ ವೃತ್ತಿಗೂ ಇದೆ. ಬಾಣಂತನದ ನಂತರದ ಆತಂಕ ಸುಳ್ಳಲ್ಲ, ಅದಕ್ಕೆ ಚಿಕಿತ್ಸೆಯೂ ಬೇಕು. ಆದರೆ ಮೊದಲು ಮನೆಯೊಳಗೆ ಏನಿದೆ ಅಂತ ನೋಡಬೇಕು ಅಲ್ವಾ?

ಗಂಡ ಒಪ್ಪಲು ಮೂರು ವಾರ ಬೇಕಾಯಿತು. ಗೇಟು ಮಾತ್ರ ಮರುದಿನವೇ ಬಂತು, ಮಾವನೇ ನಿಂತು ಹಾಕಿಸಿದರಂತೆ. ಬ್ರೂನೋ ಈಗ ಮುಳ್ಳೇರಿಯದ ಕಡೆ ಒಂದು ರಬ್ಬರ್ ತೋಟದಲ್ಲಿದೆ, ಮಕ್ಕಳೆಲ್ಲ ದೊಡ್ಡವರಾಗಿ ಹೊರಗೆ ಹೋದ ಮನೆ. ವಾಣಿಗೆ ನಿದ್ದೆ ಬರುತ್ತಿದೆ. ನಾಯಿಯನ್ನು ಕಳಿಸಿದವಳು ನಾನೇ ಅನ್ನುವ ಚುಚ್ಚು ಇನ್ನೂ ಇದೆ, ಅದಕ್ಕೆ ಎರಡು ಸಲ ಬಂದು ಮಾತಾಡಿದರು. ತೋಟದಲ್ಲಿ ಹಂದಿಯ ಸದ್ದಾದರೆ ಮಾವ ಈಗಲೂ ಅರೆನಿದ್ದೆಯಲ್ಲಿ "ಬ್ರೂನೋ" ಅಂತ ಕೂಗುತ್ತಾರಂತೆ.

ಮೊನ್ನೆ ಅವರೇ ಫೋನ್ ಮಾಡಿದ್ದರು. ಬಸ್ಸಿನಲ್ಲಿ ಹೋಗಿ ನೋಡಿ ಬಂದರಂತೆ, ನಾಯಿಗೆ ಗುರುತು ಸಿಕ್ಕಿತಂತೆ, ಮೈಮೇಲೆ ಹಾರಿ ಪಂಚೆ ಹರಿಯಿತಂತೆ. ಸಂತೋಷ ದನಿಯಲ್ಲೇ ಗೊತ್ತಾಗುತ್ತಿತ್ತು. ಮುಂದಿನ ಸಲ ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದರು.

ಬೇಲಿಯ ಹೊರಗೆ ನಿಂತು ನೋಡಿ ಬನ್ನಿ ಅಂದೆ.