ರಿಮೋಟ್ ಕೀಯ ಸೆಲ್ ಒಂದು ತಿಂಗಳೂ ಬಾಳುತ್ತಿಲ್ಲವೇ?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ಅದರ ರಿಮೋಟ್ ಕೀಗೆ ಒಮ್ಮೆ ಸೆಲ್ ಹಾಕಿದರೆ ಎರಡು ವರ್ಷ ನಿಶ್ಚಿಂತೆಯಿರುತ್ತಿತ್ತು. ಕಳೆದ ಮಳೆಗಾಲದಿಂದೀಚೆಗೆ ಮೂರು ವಾರ ಕಳೆಯುವಷ್ಟರಲ್ಲಿ ಸೆಲ್ ಖಾಲಿಯಾಗುತ್ತಿದೆ. ಬೇರೆ ಬೇರೆ ಕಂಪನಿಯ ಸೆಲ್ ಹಾಕಿ ನೋಡಿದ್ದಾಯಿತು. ಸರ್ವಿಸ್ ಸೆಂಟರಿನವರು ಕೀಯನ್ನು ಬಿಚ್ಚಿ ಸಹ ನೋಡದೆ ಹೊಸ ಕೀ ಮಾಡಿಸಿಕೊಳ್ಳಿ ಎನ್ನುತ್ತಾರೆ. ರಿಪೇರಿ ಸಾಧ್ಯವಿಲ್ಲವೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಬಹುಮಟ್ಟಿಗೆ ಸಾಧ್ಯವಿದೆ. ಆದರೆ ಮೊದಲು ದೋಷವಿರುವುದು ಸೆಲ್‌ನಲ್ಲೋ ಕೀಯಲ್ಲೋ ಎಂಬುದು ಖಚಿತವಾಗಬೇಕು. ಅದಕ್ಕೆ ದುಬಾರಿ ಉಪಕರಣವೇನೂ ಬೇಡ. ಕಾರಿನ ಜೊತೆಗೆ ಬಂದು ಬೀರುವಿನಲ್ಲಿ ಕುಳಿತಿರುವ ಎರಡನೆಯ ಕೀ ಸಾಕು. ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ ಎರಡು ಸೆಲ್ ಕೊಂಡು, ಎರಡೂ ಕೀಗಳಿಗೆ ಒಂದೇ ದಿನ ಹಾಕಿ. ಎರಡೂ ಬೇಗನೆ ಸೋತರೆ ಸೆಲ್ ನಕಲಿ ಅಥವಾ ಬಹಳ ಹಳೆಯದು ಎಂದು ತಿಳಿಯಬಹುದು. ನೀವು ದಿನವೂ ಬಳಸುವ ಕೀಯದ್ದು ಮಾತ್ರ ಸೋತರೆ ವಿದ್ಯುತ್ ಸೋರುತ್ತಿರುವುದು ಆ ಕೀಯ ಒಳಗೇ. ಸೆಲ್‌ನ ಮೇಲಿರುವ ಸಂಖ್ಯೆಯನ್ನೂ ಗಮನಿಸಿ. ಸಿಆರ್2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಸಿಆರ್2025ರ ದಪ್ಪ 2.5 ಮಿಲಿಮೀಟರ್ ಮಾತ್ರ. ಅಂಗಡಿಯವರು ‘ಎರಡೂ ಒಂದೇ’ ಎಂದು ತೆಳುವಾದುದನ್ನು ಕೊಟ್ಟರೆ, ಅದರ ಸಾಮರ್ಥ್ಯ ಕಡಿಮೆ ಎನ್ನುವುದರ ಜೊತೆಗೆ ಅದು ಸಡಿಲವಾಗಿ ಕುಳಿತು ಸಂಪರ್ಕ ತಪ್ಪುತ್ತಿರುತ್ತದೆ. ಕೆಲವರು ಉಳಿತಾಯವಾಗಲೆಂದು ಹಾಕುವ, ಚಾರ್ಜ್ ಮಾಡಬಹುದಾದ ಎಲ್‌ಐಆರ್2032 ಸೆಲ್ ಇಲ್ಲಿ ಬೇಡ. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 4ನ್ನು ದಾಟುತ್ತದೆ, ಆದರೆ ಕೀಯೊಳಗಿನ ಬೋರ್ಡ್ ರೂಪುಗೊಂಡಿರುವುದು 3 ವೋಲ್ಟಿಗೆ.

ನಿಮ್ಮ ಪತ್ರದಲ್ಲಿರುವ ‘ಮಳೆಗಾಲದಿಂದೀಚೆಗೆ’ ಎಂಬ ಮಾತು ಮುಖ್ಯವಾದುದು. ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಅವರ್. ಅದು ಮೂರು ವಾರಗಳಲ್ಲಿ, ಅಂದರೆ ಸುಮಾರು 500 ಗಂಟೆಗಳಲ್ಲಿ ಬರಿದಾಗಬೇಕಾದರೆ ಹಗಲೂ ರಾತ್ರಿ 0.4 ಮಿಲಿಆಂಪಿಯರಿನಷ್ಟು ವಿದ್ಯುತ್ ಹರಿಯುತ್ತಿರಬೇಕು. ಬಟನ್ ಒತ್ತದೆ ಇರುವಾಗ ಆರೋಗ್ಯವಂತ ಕೀ ಬಳಸುವುದು ಕೆಲವೇ ಮೈಕ್ರೋಆಂಪಿಯರ್, ಎಂದರೆ ಇದರ ನೂರನೆಯ ಒಂದು ಭಾಗದ ಆಸುಪಾಸು. ಓಮ್‌ನ ನಿಯಮದಂತೆ ಲೆಕ್ಕ ಹಾಕಿದರೆ, 3 ವೋಲ್ಟಿನಲ್ಲಿ 0.4 ಮಿಲಿಆಂಪಿಯರ್ ಹರಿಯುವುದಕ್ಕೆ ಎಲ್ಲೋ ಒಂದೆಡೆ 7,500 ಓಮ್ ಪ್ರತಿರೋಧದ (ವಿದ್ಯುತ್ತಿಗೆ ಒಡ್ಡುವ ತಡೆಯ) ದಾರಿಯೊಂದು ತೆರೆದುಕೊಂಡಿದ್ದರೆ ಸಾಕು. ಬಟನ್‌ನ ಅಡಿಯ ಪುಟ್ಟ ಸ್ವಿಚ್ಚಿನೊಳಗೆ ಕೈಬೆವರಿನ ಉಪ್ಪು ಮತ್ತು ತೇವ ಸೇರಿ ಕಿಲುಬು ಕಟ್ಟಿದಾಗ ಇಂತಹ ದಾರಿಯೇ ಉಂಟಾಗುತ್ತದೆ. ಕರಾವಳಿಯ ಹವೆಯಲ್ಲಿ ಇದು ಅಚ್ಚರಿಯ ಸಂಗತಿಯಲ್ಲ.

ಪರೀಕ್ಷೆ ಹೀಗೆ. ಕೀಯ ಅಂಚಿನಲ್ಲಿರುವ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರನ್ನು ಮೆಲ್ಲನೆ ತಿರುಗಿಸಿ ಕವಚವನ್ನು ಬಿಡಿಸಿ. ಸೆಲ್ ಯಾವ ಮಗ್ಗುಲಾಗಿ ಕುಳಿತಿದೆ ಎಂಬುದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಸೆಲ್ಲನ್ನು ಹೊರತೆಗೆಯಿರಿ. ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಒಂದೊಂದು ಸ್ವಿಚ್ಚಿನ ಎರಡು ತುದಿಗಳ ನಡುವೆ ಅಳೆಯಿರಿ. ಲಾಕ್, ಅನ್‌ಲಾಕ್ ಎರಡೂ ಸ್ವಿಚ್ಚುಗಳು ಒತ್ತದೆ ಇರುವಾಗ ಹೆಚ್ಚುಕಡಿಮೆ ಒಂದೇ ಬೆಲೆಯನ್ನು ತೋರಿಸಬೇಕು. ಒಂದು ಮಾತ್ರ ಕೆಲವು ಸಾವಿರ ಓಮ್‌ಗೆ ಇಳಿದಿದ್ದರೆ, ಅಥವಾ ಒತ್ತಿದಾಗ ‘ಟಕ್’ ಎಂಬ ಸದ್ದಿಲ್ಲದೆ ಮೆತ್ತಗೆ ಕುಸಿಯುತ್ತಿದ್ದರೆ, ಸೋರುತ್ತಿರುವುದು ಅದೇ. ರಬ್ಬರ್ ಹೊದಿಕೆ ಸವೆದು ಬಟನ್ ಸದಾ ಒತ್ತಿದಂತೆಯೇ ಇರುವುದೂ ಉಂಟು. ಬೋರ್ಡನ್ನು ಕವಚದಿಂದ ಹೊರಗಿಟ್ಟು ಸೆಲ್ ಜೋಡಿಸಿದಾಗ ಎಲ್ಲವೂ ಸರಿಯಿದ್ದು, ಕವಚ ಮುಚ್ಚಿದೊಡನೆ ತೊಂದರೆ ಮರಳಿದರೆ ಇದೇ ಕಾರಣ. ಸ್ವಿಚ್ಚುಗಳೆಲ್ಲ ಚೆನ್ನಾಗಿದ್ದೂ ಸೆಲ್ ಇಳಿಯುತ್ತಿದ್ದರೆ, ಕೀ ಕೆಳಗೆ ಬಿದ್ದಾಗ ಕೂದಲೆಳೆಯಷ್ಟು ಬಿರುಕು ಬಿಟ್ಟ ಕೆಪಾಸಿಟರಿನ (ಬೋರ್ಡಿನ ಮೇಲೆ ವಿದ್ಯುತ್ತನ್ನು ಕೊಂಚ ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗದ) ಮೇಲೆ ಸಂಶಯಪಡಬೇಕಾಗುತ್ತದೆ. ಅದನ್ನು ಮನೆಯಲ್ಲಿ ಹುಡುಕುವುದು ಕಷ್ಟ.

ಬೋರ್ಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆದು ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಬಳಿಕವೇ ಸೆಲ್ ಹಾಕಿ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ. ಸ್ವಿಚ್ಚಿನ ಒಳಗಿನ ಕಿಲುಬು ಇದರಿಂದ ಹೋಗದು. ಹೋದಂತೆ ಕಂಡರೂ ಮುಂದಿನ ಮಳೆಗಾಲಕ್ಕೆ ಮರಳುತ್ತದೆ. ಆದ್ದರಿಂದ ಸ್ವಿಚ್ಚನ್ನೇ ಬದಲಾಯಿಸುವುದು ಮೇಲು. ಬಿಸಿಗಾಳಿಯ ಬೆಸುಗೆ ಯಂತ್ರವಿರುವ ಮೊಬೈಲ್ ರಿಪೇರಿ ಅಂಗಡಿಯವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ, ಬಿಡಿಭಾಗವೂ ಅಗ್ಗ. ಈ ಕೆಲಸಕ್ಕೆ ಸರ್ವಿಸ್ ಸೆಂಟರಿಗಿಂತ ಅವರನ್ನೇ ನಂಬಬಹುದು ಎಂಬುದು ನಮ್ಮ ಅಭಿಪ್ರಾಯ.

ತೆಗೆದ ಹಳೆಯ ಸೆಲ್‌ಗಳನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಗಳೊಳಗೇ ತೀವ್ರವಾದ ಸುಟ್ಟಗಾಯ ಮಾಡಬಲ್ಲದು. ಖಾಲಿಯಾದ ಸೆಲ್‌ನಲ್ಲಿಯೂ ಈ ಅಪಾಯಕ್ಕೆ ಸಾಲುವಷ್ಟು ವಿದ್ಯುತ್ ಉಳಿದಿರುತ್ತದೆ.

ಪ್ರಶ್ನೆ: ನಮ್ಮದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು, ಎರಡು ವರ್ಷವೂ ಆಗಿಲ್ಲ. ಎರಡೂ ಸ್ಮಾರ್ಟ್ ಕೀಗಳ ಸೆಲ್ ಮೂರು ನಾಲ್ಕು ತಿಂಗಳಿಗೇ ಮುಗಿಯುತ್ತಿದೆ. ಕೀಗಳನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತೇವೆ; ಗೋಡೆಯ ಆಚೆಯೇ ಪೋರ್ಟಿಕೋದಲ್ಲಿ ಕಾರು ನಿಲ್ಲುತ್ತದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಸ್ಮಾರ್ಟ್ ಕೀ ಸಾಮಾನ್ಯ ರಿಮೋಟಿನಂತೆ ಬಟನ್ ಒತ್ತುವವರೆಗೆ ಮಲಗಿರುವುದಿಲ್ಲ. ಕಾರು ಹೊರಡಿಸುವ ಕಡಿಮೆ ಆವರ್ತನದ ಸಂಕೇತಕ್ಕಾಗಿ ಸದಾ ಕಿವಿಗೊಟ್ಟಿರುತ್ತದೆ, ಆ ಸಂಕೇತ ತಲುಪಿದಾಗಲೆಲ್ಲ ಎಚ್ಚೆತ್ತು ಉತ್ತರಿಸುತ್ತದೆ. ಕೀಗಳನ್ನು ಕಾರಿನಿಂದ ನಾಲ್ಕೈದು ಮೀಟರ್ ದೂರದ ಒಳಕೋಣೆಗೆ ವರ್ಗಾಯಿಸಿ. ಟಿವಿ, ಕಂಪ್ಯೂಟರ್, ಮೊಬೈಲ್ ಚಾರ್ಜರ್‌ಗಳ ಪಕ್ಕವೂ ಬೇಡ, ಅವುಗಳಿಂದ ಹೊಮ್ಮುವ ತರಂಗಗಳೂ ಕೀಯನ್ನು ಎಬ್ಬಿಸಬಲ್ಲವು. ಟೊಯೋಟಾದ ಹಲವು ಸ್ಮಾರ್ಟ್ ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಬಟನ್ನನ್ನು ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿನುಗಿ, ಕೀ ಉಳಿತಾಯದ ಸ್ಥಿತಿಗೆ ಹೋಗುತ್ತದೆ. ಬಳಸದ ಎರಡನೆಯ ಕೀಗೆ ಇದು ಒಳ್ಳೆಯ ವ್ಯವಸ್ಥೆ. ಉಳಿದ ಕಂಪನಿಗಳ ಕಾರಿನವರು ತಮ್ಮ ಕೈಪಿಡಿಯನ್ನು ನೋಡಬೇಕು. ಸೆಲ್ ಪೂರ್ತಿ ಸತ್ತರೂ ಗಾಬರಿ ಬೇಡ. ಕೀಯೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆದು, ಬಹುತೇಕ ಕಾರುಗಳಲ್ಲಿ ಸ್ಟಾರ್ಟ್ ಬಟನ್‌ಗೇ ಕೀಯನ್ನು ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ನಮ್ಮ ಕಾರಿನ ಕೀಯನ್ನೇ ಹೋಲುವ ಕೀ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಖಾಲಿ ಕವಚ. ಬಟನ್‌ನ ರಬ್ಬರ್ ಹರಿದಿದ್ದು ಬೋರ್ಡ್ ಚೆನ್ನಾಗಿದ್ದರೆ ಅದು ಸಾಕು. ಹಳೆಯ ಬೋರ್ಡನ್ನು ಅದರೊಳಗೆ ಕೂರಿಸಿದರಾಯಿತು. ಒಂದು ಎಚ್ಚರಿಕೆ ಬೇಕು. ಅನೇಕ ಕೀಗಳಲ್ಲಿ ಇಮೊಬಿಲೈಸರ್ ಚಿಪ್ (ಕಾರು ತನ್ನದೇ ಕೀಯೆಂದು ಗುರುತಿಸಿ ಎಂಜಿನ್ ಚಾಲೂ ಆಗಲು ಬಿಡುವುದು ಇದರಿಂದಲೇ) ಬೋರ್ಡಿನ ಮೇಲಿರದೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ತುಂಡಾಗಿ ಅಥವಾ ಗಾಜಿನ ಕೊಳವೆಯಾಗಿ ಕವಚದ ಮೂಲೆಯೊಂದರಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಅದನ್ನು ಗಮನಿಸದೆ ಹಳೆಯ ಕವಚವನ್ನು ಕಸಕ್ಕೆ ಹಾಕಿದರೆ ಬಾಗಿಲು ರಿಮೋಟಿಗೆ ತೆರೆದುಕೊಳ್ಳುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಈ ಚಿಪ್‌ಗೆ ಸೆಲ್ ಬೇಕಿಲ್ಲದಿರುವುದರಿಂದಲೇ ಸೆಲ್ ಸತ್ತ ಕೀಯಿಂದಲೂ ಗಾಡಿ ಹೊರಡುತ್ತದೆ.

ಬೋರ್ಡ್ ಸಹಿತವಾದ ಕೀಯನ್ನೇ ಕೊಳ್ಳುವುದಾದರೆ ಆವರ್ತನವನ್ನು ಮೊದಲು ನೋಡಿ. ನಮ್ಮಲ್ಲಿನ ಕಾರುಗಳ ರಿಮೋಟ್‌ಗಳು ಹೆಚ್ಚಾಗಿ 433.92 ಮೆಗಾಹರ್ಟ್ಸ್‌ನವು, ಅಮೆರಿಕ, ಜಪಾನಿನ ಮಾರುಕಟ್ಟೆಗಾಗಿ ತಯಾರಾದ 315ರದ್ದು ನೋಡಲು ಒಂದೇ ಆಗಿದ್ದರೂ ಕೆಲಸ ಮಾಡದು. ಬೇರೊಂದು ಕಾರಿಗೆ ಒಮ್ಮೆ ಜೋಡಣೆಯಾದ ಹಳೆಯ ಸ್ಮಾರ್ಟ್ ಕೀಗಳು ಅನೇಕ ವೇಳೆ ಮತ್ತೊಂದು ಕಾರನ್ನು ಒಪ್ಪುವುದಿಲ್ಲ. ಜೋಡಣೆಗೆ ಸರ್ವಿಸ್ ಸೆಂಟರಿಗಾಗಲಿ ಸ್ಕ್ಯಾನರ್ ಇರುವ ಕೀ ಮೇಕರ್ ಬಳಿಗಾಗಲಿ ಹೋಗುವಾಗ ಆರ್‌ಸಿ, ಗುರುತಿನ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹೊಸ ಕೀಯನ್ನು ದಾಖಲಿಸುವಾಗ ಕೆಲವು ಕಾರುಗಳು ಎದುರಿಗಿಲ್ಲದ ಹಳೆಯ ಕೀಗಳನ್ನು ತಮ್ಮ ಸ್ಮೃತಿಯಿಂದ ಅಳಿಸಿಬಿಡುತ್ತವೆ.