ಬಿಸಿಲು ಬಂತು ಅಂತ ಹಿಮದ ಭಯ ಹೋಯ್ತಾ?

ಪ್ರಶ್ನೆ: ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಪ್ಪ ಅಮ್ಮನ್ನೂ ಕರ್ಕೊಂಡು ಸಿಕ್ಕಿಂಗೆ ಹೋಗ್ತಿದೀವಿ, ಗ್ಯಾಂಗ್‌ಟಾಕ್‌ನಿಂದ ಚೀನಾ ಗಡಿಯ ನಾಥೂಲಾಗೂ ಪ್ಲಾನ್ ಇದೆ. ಚಳಿಗಾಲ ಮುಗೀತಲ್ಲ, ಇನ್ನು ಹಿಮ ಜಾರೋ ಭಯ ಇಲ್ಲ ಅಂತಾರೆ ಟ್ರಾವೆಲ್ಸ್‌ನೋರು. ನಿಜಾನಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ, ಆದ್ರೆ ಆ ಮಾತು ಮಾತ್ರ ನಂಬಬೇಡಿ. 2023ರ ಏಪ್ರಿಲ್ 4ರಂದು ನೀವು ಹೋಗೋ ಅದೇ ರಸ್ತೇಲಿ, 15ನೇ ಮೈಲಿ ಹತ್ರ, ಮಧ್ಯಾಹ್ನದ ಹೊತ್ತಿಗೆ ಹಿಮ ಕುಸಿದು 7 ಜನ ಪ್ರವಾಸಿಗರು ತೀರಿಕೊಂಡ್ರು. ಪಾಸ್ ಕೊಟ್ಟಿದ್ದು 13ನೇ ಮೈಲಿವರೆಗೆ ಮಾತ್ರ ಅಂತ ಆಮೇಲೆ ಅಧಿಕಾರಿಗಳು ಹೇಳಿದ್ರು. (ನಮ್ಮ ಪೇಪರ್‌ಗಳಲ್ಲಿ ಹಿಮ ಬೀಳೋದಕ್ಕೂ ಹಿಮಪಾತ, ಕುಸಿಯೋದಕ್ಕೂ ಹಿಮಪಾತ ಅಂತಾನೇ ಬರೀತಾರೆ, ಅದಕ್ಕೇ ಎಷ್ಟೋ ಜನಕ್ಕೆ ಇದರ ಗಂಭೀರತೆ ತಲೆಗೆ ಹೋಗಲ್ಲ ಅನ್ಸುತ್ತೆ.)

ಆಗೋದು ಹೀಗೆ ನೋಡಿ. ಚಳಿಗಾಲದುದ್ದಕ್ಕೂ ಬಿದ್ದ ಹಿಮ ಪದರದ ಮೇಲೆ ಪದರ ಕೂತಿರುತ್ತೆ, ಕೆಲವು ಗಟ್ಟಿ, ಇನ್ನು ಕೆಲವು ದಪ್ಪ ಸಕ್ಕರೆ ತರ ಒಂದಕ್ಕೊಂದು ಅಂಟ್ಕೊಂಡೇ ಇರಲ್ಲ, ಬಿಸಿಲಿಗೆ ಮೇಲಿಂದು ಕರಗಿ ನೀರು ಒಳಗಿಳಿದು ಎಲ್ಲೋ ಒಂದು ಗಟ್ಟಿ ಪದರಾನೋ ಬಂಡೆನೋ ಸಿಕ್ಕಿದ್ರೆ ಅಲ್ಲಿ ನಿಂತು ಜಾರಿಕೆ ಮಾಡಿಬಿಡುತ್ತೆ. ನಮ್ಮ ಕೊಡಗಲ್ಲಿ 2018ರಲ್ಲಿ ಮಳೆನೀರು ಕುಡಿದು ಗುಡ್ಡಗಳು ಜಾರಿದ್ವಲ್ಲ, ಹೆಚ್ಚುಕಮ್ಮಿ ಅದೇ ಕಥೆ. 30ರಿಂದ 45 ಡಿಗ್ರಿ ಇಳಿಜಾರಲ್ಲೇ ಇದು ಜಾಸ್ತಿ.

ರಾತ್ರಿ ಆಕಾಶ ತಿಳಿಯಾಗಿದ್ರೆ ಮೇಲ್ಪದರ ಮತ್ತೆ ಹೆಪ್ಪುಗಟ್ಟಿ ಬೆಳಗ್ಗೆ ಗಟ್ಟಿಯಾಗಿರುತ್ತೆ, ಬಿಸಿಲೇರಿದ ಹಾಗೆ ಮೊದಲು ಪೂರ್ವಕ್ಕೆ ಮುಖ ಮಾಡಿರೋ ಇಳಿಜಾರು ಮೆತ್ತಗಾಗುತ್ತೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಅದಕ್ಕೇ ಬೆಳಗ್ಗೆ ಬೇಗ ಹೋಗಿ ಬೇಗ ವಾಪಸ್ ಬನ್ನಿ. ರಾತ್ರಿಯೆಲ್ಲ ಮೋಡ ಮುಸುಕಿದ್ರೆ, ಮಳೆ ಬಂದಿದ್ರೆ, ಬೆಳಗ್ಗೇನೂ ನಂಬೋಹಾಗಿಲ್ಲ. ಕಾಲಿಟ್ರೆ ಪಾದ ಮುಳುಗೋಷ್ಟು ಒದ್ದೆ, ಮೇಲಿಂದ ಹಿಮದ ಉಂಡೆಗಳು ತಾವಾಗೇ ಉರುಳಿ ಬರ್ತಿವೆ ಅಂದ್ರೆ ಫೋಟೋ ಆಸೆ ಬಿಟ್ಟು ಹೊರಟುಬಿಡಿ. ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒಗೆ ಸೇರಿದ ಚಂಡೀಗಢದ ಡಿಜಿಆರ್‌ಇ ಅನ್ನೋ ಸಂಸ್ಥೆ ಕೊಡೋ ಹಿಮಕುಸಿತದ ಮುನ್ಸೂಚನೇನೂ ಹೊರಡೋ ಮುಂಚೆ ನೋಡ್ಕೊಳ್ಳಿ.

ಪ್ರಶ್ನೆ: ನಮ್ಮ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿದ್ರಲ್ಲ, ಹಾಗಾದ್ರೆ ಸಿಕ್ಕಿಹಾಕ್ಕೊಂಡೋರಿಗೆ ಟೈಮ್ ಇರುತ್ತಲ್ವಾ?
– ಓದುಗರು, ಕುಂದಗೋಳ

ಉತ್ತರ: ಇಲ್ಲ. ಬೆಟದೂರಿನ ಆ ಯೋಧ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದಲ್ಲಿ ಸಿಕ್ಕಿಹಾಕ್ಕೊಂಡಿದ್ದು, ಜೀವಂತ ಸಿಕ್ರೂ 11ರಂದು ನಮ್ಮನ್ನ ಬಿಟ್ಟುಹೋದ್ರು, ಜೊತೆಗಿದ್ದ 9 ಜನ ಉಳೀಲೇ ಇಲ್ಲ. ಅದು ಅಪರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಮೊದಲ 10-15 ನಿಮಿಷ ದಾಟಿದ್ರೆ ಉಸಿರುಕಟ್ಟಿ ಬದುಕೋ ಸಾಧ್ಯತೆ ಸರ್ರಂತ ಇಳಿಯುತ್ತೆ, ಬೇಸಿಗೆಯ ಒದ್ದೆ ಹಿಮ ನಿಂತ ತಕ್ಷಣ ಗಾರೆ ತರ ಗಟ್ಟಿಯಾಗೋದ್ರಿಂದ ಕೈ ಕೂಡ ಅಲ್ಲಾಡ್ಸಕ್ಕೆ ಆಗಲ್ಲ. ಹೆಲಿಕಾಪ್ಟರ್ ಬರೋವರೆಗೆ ಕಾಯೋ ಮಾತೇ ಇಲ್ಲ, ಪಕ್ಕದಲ್ಲಿದ್ದೋರೇ ಅಗೀಬೇಕು. ಹಾಗಾಗಿ ಚಾರಣಕ್ಕೆ ಹೋಗೋರು ಬೀಕನ್ (ಹೂತುಹೋದೋರು ಎಲ್ಲಿದ್ದಾರೆ ಅಂತ ತೋರಿಸೋ ರೇಡಿಯೋ ಸಾಧನ), ಪ್ರೋಬ್ ಕೋಲು (ಹಿಮದೊಳಗೆ ಚುಚ್ಚಿ ಹುಡುಕೋಕೆ), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರೋಹಾಗೆ ನೋಡ್ಕೊಳ್ಳಿ, ಇಳಿಜಾರು ದಾಟೋವಾಗ ಗುಂಪಾಗಿ ಹೋಗದೆ ಒಬ್ಬೊಬ್ಬರೇ ದಾಟಿ, ಉಳಿದೋರು ಅವರ ಮೇಲೇ ಕಣ್ಣಿಟ್ಟಿರಿ.