ಬಾವು ಬಂದ ಕೈಗೆ ಕೆಲಸ ಕೊಡಿ

ಹಾಸನದ ಓದುಗರೊಬ್ಬರ ಪತ್ರ: "ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷವಾಯಿತು. ಈಗ ಆ ಬದಿಯ ಕೈ ಊದಿದೆ. ಲಿಂಫಿಡೀಮಾ, ಅಂದರೆ ದುಗ್ಧರಸ (ಲಿಂಫ್) ಹರಿಯದೆ ನಿಂತು ಬರುವ ಬಾವು, ಇದು ಇದ್ದದ್ದೇ ಅಂದರು ಡಾಕ್ಟರು. ಕೈ ಅಲ್ಲಾಡಿಸಬೇಡ ಅಂತ ಅಪ್ಪ, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಬೇಕು ಅಂತ ದೊಡ್ಡಮ್ಮ. ವ್ಯಾಯಾಮ ಮಾಡಿಸಿ ಎಂದವರು ವಾರ್ಡಿನ ಸಿಸ್ಟರ್ ಒಬ್ಬರೇ. ಅಮ್ಮ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಯಾರ ಮಾತು ಕೇಳಲಿ?"

ಸಿಸ್ಟರ್ ಮಾತು ಕೇಳಿ, ತಾಯಿ.

ಡಾಕ್ಟರ ಪಾಲನ್ನು ಅಲ್ಲಗಳೆಯುವುದಿಲ್ಲ. ಕಂಕುಳಿನ ಎಲ್ಲ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುವ ಬದಲು ಮೊದಲ ಒಂದೆರಡನ್ನಷ್ಟೇ ಪರೀಕ್ಷಿಸುವ ಪದ್ಧತಿ ಬಂದ ಮೇಲೆ ಈ ತೊಂದರೆ ಎಷ್ಟೋ ಕಡಿಮೆಯಾಗಿದೆ. ಕೈ ದಿಢೀರನೆ ಊದಿದರೆ ರಕ್ತ ಹೆಪ್ಪುಗಟ್ಟಿದೆಯೇ, ರೋಗ ಮರುಕಳಿಸಿದೆಯೇ ಎಂದು ನೋಡಬೇಕಾದವರೂ ಅವರೇ. ಆದರೆ ಅದಾದ ಮೇಲೆ ಆ ಕೈಯ ಜೊತೆ ವರ್ಷಗಟ್ಟಲೆ ಬಾಳುವುದನ್ನು ಕಲಿಸುವವರು ನರ್ಸುಗಳು, ಫಿಸಿಯೋಥೆರಪಿಯವರು.

ಭಾರ ಎತ್ತಬೇಡ ಎಂಬ ಎಚ್ಚರಿಕೆ ಬಹುಕಾಲ ವೇದವಾಕ್ಯವಾಗಿತ್ತು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಸ್ತನ ಕ್ಯಾನ್ಸರ್ ಗೆದ್ದ 24 ಹೆಂಗಸರಿಗೆ ಡ್ರ್ಯಾಗನ್ ದೋಣಿಯ ಹುಟ್ಟು ಹಾಕುವುದನ್ನು ಕಲಿಸಿದರು. ಹೆದರಿದಂತೆ ಯಾರ ಕೈಯೂ ಕೆಡಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ ಆಗಲೇ ಬಾವು ಇದ್ದ 141 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ತಜ್ಞರ ಕಣ್ಗಾವಲಿನಲ್ಲಿ ಭಾರ ಎತ್ತಿಸಿತು. ಬಾವು ಹೆಚ್ಚಲಿಲ್ಲ, ಉಲ್ಬಣಿಸಿ ಕಾಡುವುದು ಎತ್ತದವರಿಗಿಂತ ಇವರಲ್ಲೇ ಕಡಿಮೆಯಿತ್ತು. ಸ್ನಾಯು ಕುಗ್ಗಿ ಹಿಗ್ಗಿದರೆ ದುಗ್ಧರಸ ಮೇಲಕ್ಕೆ ಹರಿಯಲು ನೆರವಾಗುತ್ತದೆ. ಸ್ವಲ್ಪದಿಂದ ಶುರುಮಾಡಿ, ಬಾವನ್ನು ಒತ್ತಿಹಿಡಿಯುವ ಬಿಗಿ ತೋಳುಚೀಲ (ಸ್ಲೀವ್) ತೊಡಿಸಿ, ನಿಧಾನವಾಗಿ ಭಾರ ಏರಿಸಿ.

ದೊಡ್ಡಮ್ಮನಿಗೆ ನಯವಾಗಿ ಹೇಳಿ: ಆ ರಸದ ನಾಳಗಳು ಚರ್ಮದ ಕೆಳಗೇ ಇರುತ್ತವೆ, ಗಟ್ಟಿಯಾಗಿ ತಿಕ್ಕಿದರೆ ಘಾಸಿಯಾಗುತ್ತವೆ. ಬೇಕಾದ್ದು ಹಗುರವಾದ ನೀವುವಿಕೆ, ಅದನ್ನೂ ಬಲ್ಲವರಿಂದ ಕಲಿತು. ಸ್ಲೀವನ್ನು ಅಳತೆ ಕೊಟ್ಟೇ ಕೊಳ್ಳಿ; ಬೆರಳು ಜೋಮು ಹಿಡಿದರೆ ಅಳತೆ ತಪ್ಪಿದೆ ಎಂದರ್ಥ. ಸ್ನಾನವಾದ ಮೇಲೆ ಬೆರಳ ಸಂದು ಒರೆಸಿ, ಚರ್ಮ ಒಡೆಯದಂತೆ ಕ್ರೀಮು ಹಚ್ಚಿ. ಈಳಿಗೆಮಣೆಯ ಗಾಯ, ಒಗ್ಗರಣೆ ಸಿಡಿದ ಗುಳ್ಳೆ ಯಾವುದೂ ಆ ಕೈಗೆ ಸಣ್ಣದಲ್ಲ. ಕೆಂಪಾಗಿ ಬಿಸಿಯೇರಿ ಚಳಿಜ್ವರ ಬಂತೋ, ಅದು ಸೋಂಕು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನನ್ನ ಅತ್ತಿಗೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯಿತ್ತು, ಕೈಯ ಬಗ್ಗೆ ಒಂದು ಸಾಲಿರಲಿಲ್ಲ. ಪಾಳಿ ಮುಗಿಸಿ ಹೊರಟಿದ್ದ ನರ್ಸ್ ಮಂಚದ ಮೇಲೆ ಕೂತು, ಟೇಪು ಹಿಡಿದು ಎರಡೂ ಕೈಗಳ ಸುತ್ತಳತೆಯನ್ನು ಒಂದೇ ಜಾಗದಲ್ಲಿ ಅಳೆದು ಬರೆದಿಡುವುದನ್ನು ಕಲಿಸಿದರು. ಆ ಪಾಠಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ, ಆದ್ದರಿಂದ ಆಸ್ಪತ್ರೆಗಳ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ! ಒಬ್ಬ ನರ್ಸಿನ ತಲೆಗೆ ಇಡೀ ವಾರ್ಡನ್ನೇ ಕಟ್ಟಿ, ರೋಗಿಯೊಡನೆ ಐದು ನಿಮಿಷ ಮಾತಾಡಿದರೆ ಗದರುವ ವ್ಯವಸ್ಥೆ ನಮ್ಮದು. ಮೇ 12ರ ನರ್ಸುಗಳ ದಿನದಂದು ಹೂಗುಚ್ಛ ಕೊಡುತ್ತೇವೆ, ಸಂಬಳ ಕೇಳಿದರೆ ಮುಖ ತಿರುಗಿಸುತ್ತೇವೆ.

ನಿಮಗೂ ಒಂದು ಮಾತು, ಬೇಸರಿಸಬೇಡಿ. ಅಮ್ಮ ಹೇಳುವುದಿಲ್ಲ ಎಂದಿದ್ದೀರಿ. ನೀವು ಕೇಳಿದ್ದೀರಾ? ಕುಪ್ಪಸದ ತೋಳು ಬಿಗಿಯಾಗಿದೆಯೇ, ಬಳೆ ಏರುತ್ತಿದೆಯೇ, ಕೈ ಭಾರ ಅನಿಸುತ್ತದೆಯೇ ಎಂದು ಇವತ್ತೇ ಕೇಳಿ, ಟೇಪು ತಂದು ಅಳೆಯಿರಿ.